ಹಿರಿಯರ ಮಾತೂ ಮನೆಯ ಗಣಕಯಂತ್ರವೂ



ಕನ್ನಡವು ಕರ್ನಾಟಕದ ಎಲ್ಲೆಯೊಳಗೆ ಮಾತ್ರ ಬಾಳುತ್ತಿರುವ ಭಾಷೆಯಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸುತ್ತಲೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಬೇಸಾಯಗಾರ ಕುಟುಂಬಗಳುಂಟು. ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಮಾತನಾಡುವ ರೈತರೆಂದೇ ಗುರುತಿಸಿದ್ದಾರೆ. ಅಲ್ಲಿ ಓದುಬರಹವೂ ಪೇಟೆಯ ವ್ಯವಹಾರವೂ ತಮಿಳಿನಲ್ಲಿ ನಡೆಯುತ್ತವೆ. ಕನ್ನಡವು ಬಾಯಿಂದ ಬಾಯಿಗೆ ಬಂದಿದೆ. ಬರಹಕ್ಕಿಳಿಯದ ಇಂಥ ಮಾತಿಗೆ ಹಿರಿಯರ ಧ್ವನಿಯೇ ಪುಸ್ತಕ. ಹಿರಿಯರೊಬ್ಬರು ತೀರಿಕೊಂಡರೆ ಕೆಲವು ಪದಗಳೂ ಅವರೊಡನೆ ಹೋಗುತ್ತವೆ.

1913ರಿಂದ 1929ರವರೆಗೆ, ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಯ ಅಂಗವಾಗಿ, ಭಾರತದ ಭಾಷೆಗಳನ್ನು ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿಸಲಾಯಿತು. ಅಂದು ಸರ್ಕಾರವೇ ಮಾಡಬೇಕಾಗಿದ್ದ ಕೆಲಸವನ್ನು ಇಂದು ಮನೆಯ ಗಣಕಯಂತ್ರದಿಂದ ನಾವೇ ಮಾಡಬಹುದು. ಅದಕ್ಕೆ ಬೇಕಾದ ಮುಖ್ಯ ಉಪಕರಣ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ.

ಮೈಕ್ರೊಫೋನಿನಿಂದ ಹೊರಡುವ ವಿದ್ಯುತ್ತು ಬಹಳ ದುರ್ಬಲ. ಗಣಕಯಂತ್ರದ ಒಳಗಿನ ವಿದ್ಯುನ್ಮಂಡಲಗಳ ಗದ್ದಲವು ಅದರೊಡನೆ ಸುಲಭವಾಗಿ ಬೆರೆತು ‘ಸ್’ ಎಂಬ ಸದ್ದಾಗಿ ಕೇಳಿಸುತ್ತದೆ. ಹೊರಗಿನ ಪೆಟ್ಟಿಗೆಯಾದರೋ ಆ ವಿದ್ಯುತ್ತನ್ನು ಮೊದಲು ಶುದ್ಧವಾಗಿ ಹಿಗ್ಗಿಸಿ, ಅಳೆದು, ಅಂಕಿಗಳನ್ನಾಗಿ ಮಾಡಿ ಯುಎಸ್‌ಬಿ ತಂತಿಯ ಮೂಲಕ ಒಪ್ಪಿಸುತ್ತದೆ. ಆದುದರಿಂದ ಮೊದಲು ನೋಡತಕ್ಕದ್ದು ಹಿಗ್ಗಿಸುವ ಭಾಗದ ಗುಣವನ್ನು. ಮೆಲುದನಿಯ ಅಜ್ಜಿ ಮಾತನಾಡುವಾಗ ಗುಂಡಿಯನ್ನು ಬಹಳ ಏರಿಸಬೇಕಾಗುತ್ತದೆ. ಆಗಲೂ ಹಿನ್ನೆಲೆ ಶಾಂತವಾಗಿರಬೇಕು.

ದೊಡ್ಡ ಅಂಕಿಗಳಿಗೆ ಮಾತ್ರ ಮರುಳಾಗಬಾರದು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕಾದುದರಿಂದ ಸೆಕೆಂಡಿಗೆ 48,000 ಅಳತೆಗಳು ಧಾರಾಳ. ಮಾತಿನ ಮುದ್ರಣಕ್ಕೆ 1,92,000 ಬೇಕಿಲ್ಲ. ಆದರೆ 24 ಬಿಟ್ಟಿನ ಅಳತೆ ಇರಲಿ. ಆಗ ಮಟ್ಟವನ್ನು ತುಸು ತಗ್ಗಿಸಿಟ್ಟುಕೊಳ್ಳಬಹುದು. ಮಾತುಗಾರರು ಥಟ್ಟನೆ ನಕ್ಕರೂ ಧ್ವನಿ ಒಡೆಯದು. ಹೀಗೆ ಒಂದು ಮೈಕ್ರೊಫೋನಿನಿಂದ ಒಂದು ಗಂಟೆ ಮುದ್ರಿಸಿದರೆ ಸುಮಾರು 518 ಮೆಗಾಬೈಟು ಜಾಗ ಹಿಡಿಯುತ್ತದೆ.

ಮೈಕ್ರೊಫೋನಿಗೆ ಎರಡು ದ್ವಾರಗಳಿದ್ದರೆ ಸಾಕು: ಹಿರಿಯರಿಗೊಂದು, ಪ್ರಶ್ನೆ ಕೇಳುವವರಿಗೊಂದು. ಕಂಡೆನ್ಸರ್ ಮೈಕ್ರೊಫೋನಾದರೆ ಪೆಟ್ಟಿಗೆಯು 48 ವೋಲ್ಟುಗಳ ವಿದ್ಯುತ್ತನ್ನು ಒದಗಿಸುವಂತಿರಬೇಕು. ಬೇರೆ ವಿದ್ಯುತ್ತನ್ನು ಬೇಡದೆ ಯುಎಸ್‌ಬಿ ತಂತಿಯಿಂದಲೇ ನಡೆಯುವುದು ಮೇಲು. ಬ್ಯಾಟರಿಯಿಂದ ನಡೆಯುವ ಲ್ಯಾಪ್‌ಟಾಪಿನೊಡನೆ ಅದನ್ನು ಕಂಬಂ ಕಣಿವೆಯ ಹಳ್ಳಿಯ ಜಗುಲಿಗೂ ಒಯ್ಯಬಹುದು.

ಪ್ರತ್ಯೇಕ ಚಾಲಕ ತಂತ್ರಾಂಶವನ್ನು ಬೇಡದ ಪೆಟ್ಟಿಗೆಯನ್ನು ಆರಿಸುವುದು ವಿವೇಕ. ತಯಾರಕರು ತಂತ್ರಾಂಶವನ್ನು ನಿಲ್ಲಿಸಿದರೆ ಒಳ್ಳೆಯ ಯಂತ್ರವೂ ಮೂಲೆ ಸೇರುತ್ತದೆ. ಹಿಂದೆ ಫೈರ್‌ವೈರ್ ತಂತಿಯ ಪೆಟ್ಟಿಗೆಗಳನ್ನು ಕೊಂಡವರಿಗೆ ಇಂದಿನ ಹೊಸ ಗಣಕಯಂತ್ರಗಳಲ್ಲಿ ಆ ದ್ವಾರವೇ ದೊರೆಯದು.

‘ಕೈಯಲ್ಲಿರುವ ಮೊಬೈಲು ಸಾಲದೇ?’ ಎಂದು ಪೋಷಕರು ಕೇಳಬಹುದು. ಬೇರೇನೂ ಇಲ್ಲದಾಗ ಅದರಲ್ಲಿಯೇ ಮುದ್ರಿಸಬೇಕು, ತಡಮಾಡಬಾರದು. ಆದರೆ ಅನೇಕ ಮೊಬೈಲುಗಳು ಗದ್ದಲವನ್ನು ತಾವಾಗಿಯೇ ಅಳಿಸಲು ಹೋಗಿ, ಮೆಲ್ಲಗೆ ನುಡಿದ ಅಕ್ಷರಗಳನ್ನೂ ಮಸುಕು ಮಾಡುತ್ತವೆ. ಮುಂದೆ ಆ ನುಡಿಯನ್ನು ಅಭ್ಯಾಸಮಾಡುವವರಿಗೆ ಬೇಕಾಗುವುದು ಆ ಅಕ್ಷರಗಳೇ.

ಪೆಟ್ಟಿಗೆಯೊಂದೇ ಎಲ್ಲವನ್ನೂ ಮಾಡದು. ಫ್ಯಾನನ್ನು ನಿಲ್ಲಿಸಿ, ಮೈಕ್ರೊಫೋನನ್ನು ಬಾಯಿಗೆ ಒಂದು ಗೇಣು ದೂರದಲ್ಲಿಡಿ, ಹಿರಿಯರ ಒಪ್ಪಿಗೆ ಪಡೆಯಿರಿ, ಊರು, ದಿನಾಂಕಗಳನ್ನು ಮೊದಲೇ ನುಡಿದು ಮುದ್ರಿಸಿ. ಮುದ್ರಣವನ್ನು ಕುಗ್ಗಿಸದೆ ಎರಡು ಬೇರೆ ಕಡೆ ಜೋಪಾನಮಾಡಿ.

ವಿದ್ಯಾರ್ಥಿಗಳೇ, ಶಾಲೆಯಲ್ಲಿ ಕನ್ನಡವನ್ನು ಓದುವ ಭಾಗ್ಯ ನಮಗಿದೆ. ಆ ಭಾಗ್ಯವಿಲ್ಲದೆಯೂ ಮನೆಮಾತನ್ನು ಬಿಡದ ಕಣಿವೆಯ ಜನರನ್ನು ನೆನೆದು, ಈ ರಜೆಯಲ್ಲಿ ನಮ್ಮ ನಮ್ಮ ಅಜ್ಜ ಅಜ್ಜಿಯರ ಮಾತನ್ನು ಒಂದು ಗಂಟೆಯಾದರೂ ಮುದ್ರಿಸಿಡೋಣ. ಯಂತ್ರವನ್ನು ನಾಳೆಯೂ ಕೊಳ್ಳಬಹುದು; ಆ ಧ್ವನಿ ನಾಳೆಗೆ ಕಾಯಲಾರದು.