ಎರಡು ದಿನದ ಜಲಪಾತ

ಜಲಪಾತವೆಂದೊಡನೆ ಕನ್ನಡಿಗರ ಮನಸ್ಸು ಮಲೆನಾಡಿನ ಕಡೆಗೆ ಹೊರಳುತ್ತದೆ. ಅದು ಸಹಜವೇ. 830 ಅಡಿಗಳ ಎತ್ತರದಿಂದ ಶರಾವತಿ ಧುಮುಕುವ ಜೋಗವನ್ನು ಒಮ್ಮೆ ಕಂಡವರಿಗೆ ಬೇರೆ ಯಾವ ನೀರೂ ಕಣ್ಣಿಗೆ ನಿಲ್ಲುವುದಿಲ್ಲ. ಹೀಗಿರುವಾಗ ಹಿರಿಯೂರು ತಾಲ್ಲೂಕಿನ ಆದಿವಾಲದವನಾದ ನಾನು ಜಲಪಾತದ ವಿಷಯವನ್ನು ಎತ್ತಿಕೊಂಡರೆ ಕೇಳುವವರಲ್ಲಿ ಕೆಲವರಾದರೂ ನಕ್ಕಾರು. ಪಶ್ಚಿಮಘಟ್ಟಗಳು ಮೋಡಗಳನ್ನು ತಡೆದು ಹಿಂಡಿಕೊಂಡ ಮೇಲೆ ಉಳಿದದ್ದು ನಮ್ಮ ಪಾಲು. ವರ್ಷದ ಮಳೆ ಸಾಮಾನ್ಯವಾಗಿ 25 ಅಂಗುಲವನ್ನು ಮುಟ್ಟದು. ಆಷಾಢದ ಗಾಳಿ ಹೊಲದ ಮಣ್ಣನ್ನು ಹೊತ್ತೊಯ್ಯುವುದನ್ನು ನೋಡುತ್ತ ಬೆಳೆದವರು ನಾವು.

ಆದರೂ ನಮ್ಮಲ್ಲಿ ಜಲಪಾತಗಳುಂಟು. ವರ್ಷದಲ್ಲಿ ಕೆಲವೇ ದಿನ ಕಾಣಿಸಿಕೊಂಡು ಹೋಗುತ್ತವೆ ಎಂಬುದಷ್ಟೇ ವ್ಯತ್ಯಾಸ.

ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗಗಳನ್ನು ಹಾದು ಬೆಟ್ಟಗಳ ಸಾಲೊಂದು ಆಗ್ನೇಯದಿಂದ ವಾಯವ್ಯಕ್ಕೆ ಚಾಚಿಕೊಂಡಿದೆ. ದುರ್ಗದ ಬಳಿಯ ಜೋಗಿಮಟ್ಟಿ ಅದರ ನೆತ್ತಿ. ಸಮುದ್ರಮಟ್ಟದಿಂದ 3,803 ಅಡಿ. ಈ ಬೆಟ್ಟಗಳ ಕಲ್ಲು ಬಹು ಪುರಾತನವಾದುದು. ನಮ್ಮೂರಿನಿಂದ ದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಐಮಂಗಲ ಸಿಗುತ್ತದೆ. ಅದಕ್ಕೆ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ತೋರುವ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾ ಹಾಗೆ ದುಂಡುದುಂಡಾಗಿ ಹೆಪ್ಪುಗಟ್ಟಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಒಂದು ಕೊಡ ನೀರಿಗೆ ಮೈಲಿ ನಡೆದ ಹೆಂಗಸರ ಊರು ಒಂದಾನೊಂದು ಕಾಲಕ್ಕೆ ನೀರಿನ ಅಡಿಯಲ್ಲೇ ಇತ್ತೆಂದು ನೆನೆದಾಗ ನನಗೆ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ.

ನಮಗೆ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ; ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರಿನ ಮೂರನೆಯ ವಾರದವರೆಗೆ. ಬಂದರೆ ಗುಡುಗಿ ಒಮ್ಮೆಗೇ ಸುರಿಯುತ್ತದೆ. ಬೆಟ್ಟದ ಇಳಿಜಾರು ಕಡಿದು, ಮೇಲಿನ ಮಣ್ಣು ತೆಳು, ಕಾಡು ಕುರುಚಲು. ಬಿದ್ದ ನೀರನ್ನು ತಡೆದು ನಿಲ್ಲಿಸುವ ಶಕ್ತಿ ಆ ನೆಲಕ್ಕೆ ಕಡಿಮೆ. ಆದುದರಿಂದ ಬೆಳಗಾಗುವ ಹೊತ್ತಿಗೆ ಬಂಡೆಯ ಅಂಚಂಚಿನಲ್ಲೂ ನೀರು ಬೀಳುತ್ತಿರುತ್ತದೆ. ಎರಡನೆಯ ದಿನ ಅದು ಸೊರಗುತ್ತದೆ. ನಾಲ್ಕನೆಯ ದಿನ ಹೋದವನಿಗೆ ಬಂಡೆಯ ಮೇಲೆ ಕಪ್ಪು ಕಲೆಯೊಂದೇ ಕಂಡೀತು.

ನಾನು ಮೊದಲ ಸಲ ಅಂಥ ನೀರನ್ನು ಕಂಡಾಗ ನನಗೆ ಹನ್ನೊಂದು ವರ್ಷ. ದುರ್ಗದಲ್ಲಿ ನೆಂಟರ ಮನೆಯ ಮದುವೆಗೆಂದು ಹೋಗಿದ್ದೆವು. ಆ ರಾತ್ರಿ ಚಿತ್ತೆಯ ಮಳೆ ಹೊಯ್ಯಿತು. ಬೆಳಿಗ್ಗೆ ಮಳೆ ನಿಂತದ್ದೇ ತಡ, ಅಪ್ಪ ನನ್ನನ್ನು ಎಬ್ಬಿಸಿ, ಬುತ್ತಿ ಕಟ್ಟಿಸಿಕೊಂಡು, ಜೋಗಿಮಟ್ಟಿಯ ದಾರಿ ಹಿಡಿದ. ಊರಿನಿಂದ ಸುಮಾರು 10 ಕಿಲೋಮೀಟರಿನ ಏರು ನಡಿಗೆ. ಬಂದರಿಯ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು; ತಂಗಡಿಯ ಹೂವು ಕಣ್ಣು ಕುಕ್ಕುವಷ್ಟು ಹಳದಿಯಾಗಿತ್ತು. ಜೋಗಿಮಟ್ಟಿಯ ಮಗ್ಗುಲಲ್ಲಿ ಹಿಮವತ್ಕೇದಾರವೆಂಬ ತಾಣವಿದೆ. ನೀರಿಲ್ಲದ ಸೀಮೆಯಲ್ಲಿ ಹಿಮಾಲಯದ ಹೆಸರು! ಅಲ್ಲಿಯ ಬಂಡೆಯಿಂದ ಬೀಳುತ್ತಿದ್ದ ನೀರನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಜೋಗದ ಪಕ್ಕದಲ್ಲಿಟ್ಟರೆ ಅದು ಒಂದು ಎಳೆಯಾದೀತು. ಆದರೆ ಆಗ ನಾನು ಜೋಗವನ್ನು ಕಂಡಿರಲಿಲ್ಲ.

ಎಷ್ಟು ಹೊತ್ತಾದರೂ ನಾನು ಏಳದಿದ್ದುದನ್ನು ಕಂಡು ಅಪ್ಪ ಹೇಳಿದ: "ನೀರು ಬೀಳೋದು ನೋಡಿದ್ದಾಯ್ತಲ್ಲಪ್ಪ, ಎಲ್ಲಿಗೆ ಹೋಗ್ತೈತೆ ನೋಡು ಬಾ."

ನೀರಿನ ಜೊತೆಯಲ್ಲೇ ಇಳಿದೆವು. ಒಂದು ತೊರೆ ಮರಳಿನಲ್ಲಿ ಇಂಗಿತು. ಇನ್ನೊಂದು ಕೆಳಗಿನ ಹಳ್ಳವನ್ನು ಸೇರಿ, ಯಾರದೋ ಹೊಲದ ಬದುವನ್ನು ಕಿತ್ತುಕೊಂಡು, ಕೆಂಪಗೆ ಹರಿಯುತ್ತಿತ್ತು. ಅಪ್ಪ ಅದನ್ನು ಬಹಳ ಹೊತ್ತು ನೋಡಿದ, ಮಾತನಾಡಲಿಲ್ಲ. ಸಂಜೆ ಬಸ್ಸಿಳಿದು ಆದಿವಾಲದ ನೆಲದ ಮೇಲೆ ಕಾಲಿಟ್ಟಾಗ ಅವನ ಮೌನದ ಅರ್ಥ ತಿಳಿಯಿತು. ದುರ್ಗದ ಬೆಟ್ಟಕ್ಕೆ ಸುರಿದ ಮಳೆ ನಮ್ಮೂರಿಗೆ ಬಂದೇ ಇರಲಿಲ್ಲ. ನಮ್ಮದು ನಾಲೆಯ ನೀರು ಹತ್ತದ ಹೊಲ. ಆ ವರ್ಷ ನಾವು ಜೋಳವನ್ನು ಕೊಯ್ಯಲಿಲ್ಲ. ದನಗಳನ್ನು ಬಿಟ್ಟು ಮೇಯಿಸಿದೆವು.

ಅಂದಿನಿಂದ ನನಗೆ ಜಲಪಾತ ಬರಿಯ ನೋಟವಾಗಿ ಉಳಿಯಲಿಲ್ಲ. ಬರಗಾಲದ ಸೀಮೆಯಲ್ಲಿ ಬೀಳುವ ನೀರೆಂದರೆ ಬಿಟ್ಟುಹೋಗುತ್ತಿರುವ ನೀರು. ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಚಿತ್ರದುರ್ಗದ ಕೋಟೆಯೊಳಗೆ ಹೋದವರು ಒಂದು ಗಳಿಗೆ ಬುರುಜುಗಳನ್ನು ಬಿಟ್ಟು ಹೊಂಡಗಳನ್ನು ನೋಡಬೇಕು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ ಬರುತ್ತದೆ; ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ ಇಳಿಯುತ್ತದೆ. ಒಂದೇ ಉಸಿರಿಗೆ ಧುಮುಕಿ ಹೋಗಬಹುದಾಗಿದ್ದ ನೀರನ್ನು ಪಾಳೆಯಗಾರರ ಕಾಲದ ಕೆಲಸಗಾರರು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ನಿಲ್ಲಿಸಿಕೊಂಡರು.

ಅದೇ ವಿವೇಕದ ದೊಡ್ಡ ರೂಪ ಮಾರಿಕಣಿವೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿ ನಮ್ಮ ಬೆಟ್ಟದ ಸಾಲನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಿನಲ್ಲಿ, 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಕಟ್ಟೆ ಇದೆ. ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ. ಅದು ಮೊದಲ ಸಲ ಬಿದ್ದದ್ದು 1933ರಲ್ಲಿ. ನನ್ನ ತಾತ ಅದನ್ನು ಕಣ್ಣಾರೆ ಕಂಡಿದ್ದರಂತೆ. ಗಾಡಿ ಕಟ್ಟಿಕೊಂಡು ಹೋಗಿ ಎರಡು ದಿನ ಅಲ್ಲೇ ಅಡುಗೆ ಮಾಡಿಕೊಂಡಿದ್ದ ಕಥೆಯನ್ನು ಅಪ್ಪನಿಗೆ ಹೇಳಿದ್ದರು. ಅಪ್ಪ ಹುಟ್ಟಿದ್ದು ಆಮೇಲೆ. ಪ್ರತಿವರ್ಷವೂ ದೀಪಾವಳಿಯ ಹೊತ್ತಿಗೆ "ಕಣಿವೇಲಿ ಎಷ್ಟಡಿ ಬಂತಂತೆ?" ಎಂದು ಕೇಳುವುದು ಅವನ ವಾಡಿಕೆ. ಉತ್ತರ ಕೇಳಿ ಬೀಡಿ ಹಚ್ಚಿಕೊಂಡು ಸುಮ್ಮನಾಗುತ್ತಿದ್ದ. ಹಾಗೆ ಕೇಳುತ್ತಲೇ ಎಂಬತ್ತು ವರ್ಷ ಬದುಕಿ ತೀರಿಕೊಂಡ.

2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಕೋಡಿ ಬಿತ್ತು. ಆ ವರ್ಷದ ಭಾರಿ ಮಳೆಯ ಜೊತೆಗೆ ಭದ್ರೆಯಿಂದ ತಂದ ನೀರೂ ಅದಕ್ಕೆ ಕಾರಣವಾಗಿತ್ತು. ಸುತ್ತಿನ ಸೀಮೆಯೆಲ್ಲ ಅಲ್ಲಿಗೆ ನೆರೆಯಿತು. ಜನ ಅರಿಸಿನ ಕುಂಕುಮ ಎರಚಿ ಕೈಮುಗಿದರು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಿತು. ಒಂದು ಕೋಡಿಗೂ ಇನ್ನೊಂದು ಕೋಡಿಗೂ ನಡುವೆ ಒಬ್ಬ ಮನುಷ್ಯನ ಬಾಳು ಪೂರ್ತಿಯಾಗಿ ಹಿಡಿಸಬಹುದೆಂದು ಆ ಗದ್ದಲದಲ್ಲಿ ನಿಂತಾಗ ನನಗೆ ಮನವರಿಕೆಯಾಯಿತು.

ನಮ್ಮ ಬೆಟ್ಟಗಳ ನೀರನ್ನು ನೋಡಬಯಸುವ ಪಟ್ಟಣದ ಗೆಳೆಯರಿಗೆ ಎರಡು ಮಾತು. ಜೋಗಿಮಟ್ಟಿ ಈಗ ವನ್ಯಧಾಮ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಡಿನೊಳಕ್ಕೆ ಹೋಗಬಾರದು. ಕರಡಿ, ಚಿರತೆಗಳಿರುವ ಕಾಡು, ಬೆಳಕಿರುವಾಗಲೇ ಇಳಿದುಬಿಡಬೇಕು. ಮಳೆ ಸುರಿಯುತ್ತಿರುವಾಗ ಹಳ್ಳಕ್ಕೆ ಇಳಿಯಬೇಡಿ. ಮೇಲೆ ಎಲ್ಲೋ ಬಿದ್ದ ಮಳೆ ಕೆಳಗೆ ಹೇಳದೆ ಕೇಳದೆ ಬರುತ್ತದೆ. ಮಾರನೆಯ ಬೆಳಿಗ್ಗೆ ಹೋಗಿ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡಬೇಡಿ. ತಡವಾಗಿ ಹೋಗಿ ಬರಿಯ ಕಲೆಯನ್ನು ಕಂಡರೂ ಬೇಸರ ಬೇಡ. ಎಷ್ಟು ಅಗಲಕ್ಕೆ ನೀರು ಬಿದ್ದಿತ್ತೆಂದು ಆ ಕಲೆ ಹೇಳುತ್ತದೆ.

ಬಳಿಕ ದಯವಿಟ್ಟು ನೀರಿನ ದಾರಿಯಲ್ಲಿ ಸ್ವಲ್ಪ ದೂರ ನಡೆಯಿರಿ. ಬೆಟ್ಟದ ಬುಡದ ಊರುಗಳಲ್ಲಿ ಹತ್ತಾರು ಕೊಳವೆಬಾವಿ ಕೊರೆಸಿ ಸಾಲಗಾರರಾದ ರೈತರನ್ನು ಕಾಣುವಿರಿ. ನೂರಾರು ಅಡಿ ಕೆಳಗೆ ಅವರು ಹುಡುಕುವ ನೀರು ಅವರ ತಲೆಯ ಮೇಲಿನಿಂದಲೇ ಬಿದ್ದು ಹೋದದ್ದು. ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ ಒಂದು ಸಣ್ಣ ಒಡ್ಡು, ಹೂಳೆತ್ತಿದ ಒಂದು ಕೆರೆ ಅಲ್ಲಿ ಕಂಡರೆ ಅದನ್ನೂ ಜಲಪಾತವನ್ನು ನೋಡಿದಷ್ಟೇ ಹೊತ್ತು ನಿಂತು ನೋಡಿ.

ಕೋಡಿ ಬಿದ್ದ ದಿನ ನಾನೂ ಹಾಗೆಯೇ ಮಾಡಿದೆ. ಜನಸಂದಣಿಯಿಂದ ಹೊರಬಂದು ಹಿರಿಯೂರಿನ ಸೇತುವೆಯ ಮೇಲೆ ನಿಂತೆ. ಮರಳು, ಮುಳ್ಳುಗಿಡಗಳೇ ತುಂಬಿದ್ದ ವೇದಾವತಿಯಲ್ಲಿ ದಡದಿಂದ ದಡಕ್ಕೆ ನೀರಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಎಲ್ಲಿಗೆ ಹೋಗ್ತದೆ ಸ್ವಾಮಿ ಇದೆಲ್ಲ?" ಎಂದು ಕೇಳಿದರು. ಬಳ್ಳಾರಿಯ ಕಡೆ ಹಗರಿಯೆಂಬ ಹೆಸರಾಗಿ ತುಂಗಭದ್ರೆಯನ್ನು ಸೇರುತ್ತದೆ ಎಂದೆ. ಅವರು ತಲೆಯಾಡಿಸಿ, "ಹೋಗ್ಲಿ ಬಿಡಿ, ಅಲ್ಲಿಯೂ ಹೊಲ ಇರ್ತಾವೆ" ಎಂದರು.