ಪ್ರವಾಸಿಯ ನಾಣ್ಯಸಂಗ್ರಹ

ಪ್ರವಾಸದಿಂದ ಮರಳುವವರು ಆಯಾ ಊರಿನ ವಿಶೇಷವಸ್ತುವೊಂದನ್ನು ಜೊತೆಗೆ ತರುವುದು ವಾಡಿಕೆ. ಚನ್ನಪಟ್ಟಣದಿಂದ ಬೊಂಬೆ ಬರುತ್ತದೆ. ಕಾಶಿಯಿಂದ ಗಂಗೆಯ ಗಿಂಡಿ ಬರುತ್ತದೆ. ನಾವು ತರುವ ವಸ್ತುವಾದರೋ ಇವೆಲ್ಲಕ್ಕಿಂತಲೂ ಅಗ್ಗವಾದುದು. ಐದು ರೂಪಾಯಿಯ ನಾಣ್ಯಕ್ಕೆ ಐದೇ ರೂಪಾಯಿ ಬೆಲೆ. ಅದು ದೊರೆಯುವ ಸ್ಥಳ ಆ ಊರಿನ ಬ್ಯಾಂಕು.

ನಾಣ್ಯಸಂಗ್ರಹವೆಂದೊಡನೆ ವಿಜಯನಗರದ ವರಾಹಗಳು ನೆನಪಿಗೆ ಬರುವುದು ಸಹಜ. ಅವುಗಳನ್ನು ಕೊಳ್ಳಲು ಹಣ ಬೇಕು. ಈಗ ಚಲಾವಣೆಯಲ್ಲಿರುವ ನಾಣ್ಯಗಳಲ್ಲಿ ಅಪೂರ್ವವಾದುವನ್ನು ಆರಿಸುವುದಕ್ಕೆ ಕಣ್ಣೂ ತಾಳ್ಮೆಯೂ ಇದ್ದರೆ ಸಾಕು.

ಮೊದಲು ಇಸವಿಯ ಕೆಳಗೆ ನೋಡಬೇಕು. ಅಲ್ಲಿ ವಜ್ರಾಕೃತಿಯಿದ್ದರೆ ನಾಣ್ಯವು ಮುಂಬಯಿಯದು. ನಕ್ಷತ್ರವಿದ್ದರೆ, ಹಿಂದೆ ನಿಜಾಮರದಾಗಿದ್ದ ಹೈದರಾಬಾದಿನ ಟಂಕಸಾಲೆಯದು. ಬಿಂದುವಿದ್ದರೆ, 1988ರಲ್ಲಿ ಕೆಲಸವಾರಂಭಿಸಿದ ನೋಯ್ಡಾದ್ದು. ಯಾವ ಗುರುತೂ ಇಲ್ಲದಿದ್ದರೆ ಕಲ್ಕತ್ತೆಯದು. 1990ರ ದಶಕದ ಕೊನೆಯಲ್ಲಿ ನಮ್ಮ ಸರ್ಕಾರವು ರಷ್ಯ, ದಕ್ಷಿಣ ಕೊರಿಯ, ದಕ್ಷಿಣ ಆಫ್ರಿಕಗಳಲ್ಲಿಯೂ ನಾಣ್ಯಗಳನ್ನು ಅಚ್ಚುಹಾಕಿಸಿತು. ಆ ಕಾಲದ ನಾಣ್ಯಗಳಲ್ಲಿ ಬೇರೆ ಗುರುತುಗಳು ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ಇನ್ನು ಸ್ಮಾರಕ ನಾಣ್ಯಗಳು. 2006ರ ಐದು ರೂಪಾಯಿಯೊಂದರಲ್ಲಿ ನಮ್ಮ ಬಸವೇಶ್ವರರ ಮೂರ್ತಿಯಿದೆ; 2010ರದೊಂದರಲ್ಲಿ ಸಾವಿರ ವರ್ಷ ತುಂಬಿದ ತಂಜಾವೂರಿನ ಬೃಹದೀಶ್ವರ ದೇವಾಲಯವಿದೆ. ಇವು ಸಾಮಾನ್ಯ ನಾಣ್ಯಗಳೊಡನೆ ಬೆರೆತು, ತರಕಾರಿಯ ಬುಟ್ಟಿಯಿಂದ ಕಂಡಕ್ಟರನ ಚೀಲಕ್ಕೆ ಸದ್ದಿಲ್ಲದೆ ಸಂಚರಿಸುತ್ತವೆ. ಒಂದೇ ಊರಿನಲ್ಲಿರುವವನ ಕೈಗೆ ಕಂಡ ನಾಣ್ಯಗಳೇ ಮತ್ತೆ ಮತ್ತೆ ಬರುತ್ತವೆ. ಊರು ಬದಲಾದರೆ ಚಿಲ್ಲರೆಯ ರೂಪವೂ ಬದಲಾಗುತ್ತದೆ. ಸಂಗ್ರಾಹಕನಿಗೆ ಪ್ರವಾಸದ ಪ್ರಯೋಜನ ಇದೇ.

ಬ್ಯಾಂಕಿನಲ್ಲಿ ನಡೆದುಕೊಳ್ಳುವ ರೀತಿಯನ್ನೂ ಹೇಳಬೇಕು. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ನೋಟು ಕೊಟ್ಟು, ವಿನಯದಿಂದ ನಾಣ್ಯಗಳನ್ನು ಕೇಳಬೇಕು. ಖಜಾಂಚಿಯ ಮುಂದೆಯೇ ನಿಂತು ಆರಿಸುವುದು ಸಲ್ಲದು. ಹೊರಗೆ ಕುಳಿತು ಪರೀಕ್ಷಿಸಿ, ಬೇಡವಾದುವನ್ನು ಊರಿನ ಅಂಗಡಿಗಳಲ್ಲಿಯೇ ವೆಚ್ಚಮಾಡಿದರೆ ಚಿಲ್ಲರೆಯ ಅಭಾವವೂ ಅಷ್ಟರಮಟ್ಟಿಗೆ ನೀಗುತ್ತದೆ.

ಹೀಗೆ ವೆಚ್ಚಮಾಡುವಾಗ ನಮಗೆ ಒಂದು ವಿಚಿತ್ರ ಕಂಡುಬಂದಿದೆ. ಕೆಲವು ಊರುಗಳಲ್ಲಿ ಹತ್ತು ರೂಪಾಯಿಯ ನಾಣ್ಯವನ್ನು ವರ್ತಕರು ಮುಟ್ಟುವುದಿಲ್ಲ. ಒಂದು ನಾಣ್ಯದಲ್ಲಿರುವ ಚಿತ್ರ ಇನ್ನೊಂದರಲ್ಲಿಲ್ಲ. ಆದುದರಿಂದ ಯಾವುದೋ ಒಂದು ಖೋಟಾ ಎಂಬುದು ಅವರ ಶಂಕೆ. ಈ ನಾಣ್ಯದ 14 ವಿನ್ಯಾಸಗಳೂ ಸಕ್ರಮವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ ಪ್ರಕಟಿಸಿತು. ಸಂಗ್ರಾಹಕನು ಸಂತೋಷದಿಂದ ಎತ್ತಿಟ್ಟುಕೊಳ್ಳುವ ವೈವಿಧ್ಯವೇ, ಅರಿಯದವನಿಗೆ ಅಪನಂಬಿಕೆಯ ಕಾರಣವಾಗಿದೆ! ಇದರ ನಷ್ಟ ಯಾರಿಗೆ? ಅಂದಿನ ಗಳಿಕೆಯೇ ಹತ್ತಾರು ನಾಣ್ಯಗಳಾಗಿರುವ ಹೂವಾಡಗಿತ್ತಿಗೆ.

ಅರಿಯದವರಿಗೆ ಇನ್ನೊಂದು ಅಪಾಯವೂ ಉಂಟು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂದು ನಂಬಿಸಿ, ಮುಂಗಡವಾಗಿ ಶುಲ್ಕ ಕೀಳುವ ವಂಚಕರಿದ್ದಾರೆ. ತನ್ನ ಹೆಸರಿನಲ್ಲಿಯೇ ಇಂತಹ ಮೋಸ ನಡೆಯುತ್ತಿದೆಯೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತು. ನಾಣ್ಯದ ಗುರುತುಗಳನ್ನು ಬಲ್ಲವನು ಈ ಬಲೆಗೆ ಸುಲಭವಾಗಿ ಬೀಳಲಾರನು.

ಆದುದರಿಂದ ಈ ಹವ್ಯಾಸವನ್ನು ಕೇವಲ ಕಾಲಹರಣವೆಂದು ನಾವು ಎಣಿಸುವುದಿಲ್ಲ. ಫೋನಿನಲ್ಲಿಯೇ ಹಣ ಸಲ್ಲಿಸುವ ಈ ದಿನಗಳಲ್ಲಿ ನಾಣ್ಯವನ್ನು ಮುಟ್ಟಿ ನೋಡುವ ಸಂದರ್ಭಗಳೇ ವಿರಳವಾಗುತ್ತಿವೆ. ಮುಂದಿನ ಪ್ರವಾಸದಲ್ಲಿ ಕೇಳುಗರು ಬ್ಯಾಂಕಿನಿಂದ ನೂರು ರೂಪಾಯಿಯ ನಾಣ್ಯಗಳನ್ನು ಪಡೆದು ಒಮ್ಮೆ ತಿರುಗಿಸಿ ನೋಡಲಿ. ಅಪೂರ್ವವಾದುದು ದೊರೆತರೆ ಲಾಭ. ದೊರೆಯದಿದ್ದರೂ ಕೊಟ್ಟ ನೂರು ರೂಪಾಯಿ ಕೈಯಲ್ಲಿಯೇ ಇರುತ್ತದೆ. ಇಷ್ಟು ನಿರಪಾಯವಾದ ಬೇಟೆ ಬೇರಾವುದಿದೆ?