ಕರುಣೆ ಮೊದಲು, ಲೆಕ್ಕ ಆಮೇಲೆ



ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದವ ಬರುತ್ತಾನೆ. ಜನರನ್ನು ಸುಲಿದು ಶ್ರೀಮಂತನಾದವನು. ಯೇಸುವನ್ನು ನೋಡಲು ಮರ ಹತ್ತಿದ ಅವನನ್ನು ಯೇಸು ಗದರಲಿಲ್ಲ. ಅವನ ಮನೆಗೇ ಅತಿಥಿಯಾಗಿ ಹೋದರು. ಆಗ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದ. ಕರುಣೆ ಮೊದಲು ಬಂತು, ಅದೇ ಅವನನ್ನು ತಿದ್ದಿತು.

ಜಕ್ಕಾಯನಂತೆ ತಿದ್ದಿಕೊಳ್ಳಲು ಇಂದಿಗೂ ಒಂದು ಕಾಲವಿದೆ. ಗುಲ್ಬರ್ಗಾ ಧರ್ಮಪ್ರಾಂತ್ಯದ ಕ್ಯಾಥೋಲಿಕರು ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಪಶ್ಚಾತ್ತಾಪದ ತಪಸ್ಸುಕಾಲ ಆರಂಭಿಸುತ್ತಾರೆ. ಪಾಪನಿವೇದನೆ ಮಾಡಿದರಷ್ಟೇ ಸಾಲದು, ಕದ್ದದ್ದನ್ನು ಮರಳಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎನ್ನುತ್ತದೆ ಧರ್ಮಸಭೆ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಪಕ್ಕದವರ ಬದು ಒತ್ತಿದವನ ಪಶ್ಚಾತ್ತಾಪ, ಗಡಿಕಲ್ಲನ್ನು ಮೊದಲಿದ್ದ ಜಾಗದಲ್ಲಿ ನೆಟ್ಟಾಗಲೇ ಪೂರ್ಣ.

ನೊಂದವರ ಪಾಲಿಗೆ ಕ್ಷಮೆ ಇನ್ನೂ ಕಠಿಣ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸಜೀವವಾಗಿ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು, ಆ ಸೇವೆಯನ್ನೂ ಬಿಡಲಿಲ್ಲ. ನ್ಯಾಯಾಲಯ ತಪ್ಪಿತಸ್ಥರನ್ನು ಶಿಕ್ಷಿಸಿತು. ಕ್ಷಮೆ ನ್ಯಾಯವನ್ನು ತಡೆಯುವುದಿಲ್ಲ; ದ್ವೇಷ ನಮ್ಮ ಬದುಕನ್ನು ಆಳದಂತೆ ತಡೆಯುತ್ತದೆ.

ಕಲಬುರಗಿಯ ಓಣಿಗಳಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ತಪ್ಪು ನಮ್ಮದಾದರೆ ಇವತ್ತೇ ಹೋಗಿ ಒಪ್ಪಿಕೊಳ್ಳೋಣ, ಕೊಡಬೇಕಾದ್ದನ್ನು ಕೊಡೋಣ. ಯಾರಾದರೂ ನಮ್ಮ ಬಾಗಿಲಿಗೆ ಬಂದರೆ, ಹಳೆಯದನ್ನು ಕೆದಕುವ ಮೊದಲು ಒಳಗೆ ಕರೆದು ಕೂಡಿಸೋಣ.